ಬರ್ಮಿಂಗ್‌ಹ್ಯಾಮ್‌ನ ವೆಬ್ಲಿಯೋ, ಸಂಡೀಲಾದ ವೆಬ್ಲಿಯೋ: .32 ರಿವಾಲ್ವರ್ ಕೊಳ್ಳುವ ಮುನ್ನ

ಲೈಸೆನ್ಸ್ ಕೈಗೆ ಬಂದು .32 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಳತೆ, ಇಂಚಿನ ಲೆಕ್ಕದಲ್ಲಿ) ರಿವಾಲ್ವರ್ ಹುಡುಕಲು ಹೊರಟವರ ಮುಂದೆ ಸಾಮಾನ್ಯವಾಗಿ ಮೂರು ಆಯ್ಕೆಗಳು ಬರುತ್ತವೆ. ಮೊದಲನೆಯದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾಗಿ ದಶಕಗಳ ಹಿಂದೆ ಇಲ್ಲಿಗೆ ಬಂದ ವೆಬ್ಲಿ ಅಂಡ್ ಸ್ಕಾಟ್. ಎರಡನೆಯದು, ಅದೇ ಹೆಸರಿನಲ್ಲಿ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ 2020ರಿಂದ ತಯಾರಾಗುತ್ತಿರುವ ವೆಬ್ಲಿ. ಮೂರನೆಯದು, ವೆಬ್ಲಿಯ ವಿನ್ಯಾಸದಿಂದಲೇ ಬೆಳೆದು ಬಂದ, ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್. ಇದನ್ನು ಅಂಗಡಿಯವರು 'ಐಒಎಫ್' (ಇಂಡಿಯನ್ ಆರ್ಡ್‌ನೆನ್ಸ್ ಫ್ಯಾಕ್ಟರಿ) ಎಂದೋ 'ಆರ್ಡ್‌ನೆನ್ಸ್' ಎಂದೋ ಕರೆಯುತ್ತಾರೆ. ಮೂರಕ್ಕೂ ಆರು ತೋಟೆ ಹಿಡಿಸುವ ಸಿಲಿಂಡರ್, ಮೂರೂ ಮೇಲಿನ ಲಾಚ್ ಒತ್ತಿದರೆ ನಡುವೆ ಮಡಚಿಕೊಂಡು ತೆರೆಯುವ ಬಗೆಯವು, ಕೆಲವು ಹಳೆಯವನ್ನು ಬಿಟ್ಟರೆ ಮೂರಕ್ಕೂ ಹಾಕುವ ತೋಟೆಯೂ ಒಂದೇ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ನಮ್ಮ ಕಡೆ, ಅದರಲ್ಲೂ ಚಿಕ್ಕಮಗಳೂರು, ಹಾಸನ, ಕೊಡಗಿನ ತೋಟದ ಮನೆಗಳಲ್ಲಿ 'ಇಂಪೋರ್ಟೆಡ್' ಎಂಬ ಒಂದು ಮಾತಿಗೆ ಸಿಗುವ ಮರ್ಯಾದೆ ದೊಡ್ಡದು. ಇಂಗ್ಲಿಷ್ ಮಾಲು ಎಂದರೆ ಸಾಕು, ಕೇಳಿದವರು ಇನ್ನೊಂದು ಪ್ರಶ್ನೆ ಹಾಕುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಈಗ ಆಮದು ವೆಬ್ಲಿ ಎಂದರೆ ಹಳೆಯ ವೆಬ್ಲಿ ಎಂದೇ ಅರ್ಥ. ದೇಶೀಯ ವೆಬ್ಲಿ ಎಂದರೆ ಹೊಸದು. ಹೋಲಿಕೆ ನಡೆಯಬೇಕಾದದ್ದು ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಅಲ್ಲ, ಕನಿಷ್ಠ ನಾಲ್ಕು ದಶಕ ಯಾರ್ಯಾರದೋ ಕೈಯಲ್ಲಿ ಓಡಾಡಿದ ಯಂತ್ರಕ್ಕೂ ಕಾರ್ಖಾನೆಯಿಂದ ಈಗಷ್ಟೇ ಹೊರಬಂದ ಯಂತ್ರಕ್ಕೂ ನಡುವೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಲೆಕ್ಕವೆಲ್ಲ ಸುಲಭವಾಗುತ್ತದೆ.

ಯಾಕೆ ಹಳೆಯದು ಎಂದರೆ ಅದಕ್ಕೆ ಎರಡು ಕಡೆಯ ಕಾನೂನುಗಳು ಕಾರಣ. ವೆಬ್ಲಿ ಅಂಡ್ ಸ್ಕಾಟ್ ಕಂಪನಿ ಆ ಹೆಸರಿನಲ್ಲಿ ಒಂದಾದದ್ದು 1897ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ, 1887ರಲ್ಲಿ, ಬ್ರಿಟಿಷ್ ಸೇನೆ .455 ಬೋರಿನ ವೆಬ್ಲಿ ರಿವಾಲ್ವರನ್ನು ಒಪ್ಪಿಕೊಂಡಿತ್ತು. ನಾವು ಇಲ್ಲಿ ಮಾತಾಡುತ್ತಿರುವ ಮಾರ್ಕ್ 4 ವಿನ್ಯಾಸ ಮೊದಲ ಮಹಾಯುದ್ಧದ ನಂತರದ್ದು. ಸೇನೆ ಭಾರದ .455 ಬಿಟ್ಟು ಹಗುರವಾದ .38ಕ್ಕೆ ಇಳಿಯಲು ಹೊರಟಾಗ ಹುಟ್ಟಿದ್ದು. ಅದರ ಚಿಕ್ಕ ರೂಪವೇ .32. ಕಂಪನಿಯ ಬಂದೂಕು ತಯಾರಿಕೆ 1979ರಲ್ಲಿ ನಿಂತುಹೋಯಿತು. ಆಮೇಲೆ ಬ್ರಿಟನ್ನಿನಲ್ಲಿ, ಡನ್‌ಬ್ಲೇನ್ ಶಾಲೆಯ ಹತ್ಯಾಕಾಂಡದ ಮರುವರ್ಷ, 1997ರಲ್ಲಿ, ಸಾರ್ವಜನಿಕರು ಕೈಬಂದೂಕು ಇಟ್ಟುಕೊಳ್ಳುವುದನ್ನೇ ಬಹುಮಟ್ಟಿಗೆ ನಿಷೇಧಿಸಿದರು. ಇತ್ತ ಭಾರತ 1980ರ ದಶಕದ ನಡುಭಾಗದಲ್ಲಿ ಖಾಸಗಿಯವರು ಬಂದೂಕು ಆಮದು ಮಾಡಿಕೊಳ್ಳುವ ಬಾಗಿಲನ್ನು ಮುಚ್ಚಿತು. ಹೀಗಾಗಿ ಹೊಸ ಇಂಗ್ಲಿಷ್ ವೆಬ್ಲಿ ರಿವಾಲ್ವರ್ ಎಂಬುದು ಜಗತ್ತಿನ ಯಾವ ಅಂಗಡಿಯಲ್ಲೂ ಇಲ್ಲ. ಇರುವುದು ಹಿಂದೆ ಬಂದವು ಮಾತ್ರ. ಅವುಗಳ ಸಂಖ್ಯೆ ಹೆಚ್ಚುವ ದಾರಿಯಿಲ್ಲ, ಕಡಿಮೆಯಾಗುವ ದಾರಿಗಳು ಹಲವಿವೆ.

ಹಳೆಯ ವೆಬ್ಲಿಗೆ ಹಲವು ಲಕ್ಷ ರೂಪಾಯಿ ಹೇಳುವುದು ಈ ಕೊರತೆಯಿಂದ. ಆ ಬೆಲೆಯಲ್ಲಿ ಉಕ್ಕಿನ ಗುಣಕ್ಕೆ, ಕೆಲಸಗಾರಿಕೆಗೆ ಕೊಡುವ ಪಾಲು ಸಣ್ಣದು. ಅಪರೂಪಕ್ಕೆ ಕೊಡುವ ಪಾಲೇ ದೊಡ್ಡದು. ಅಮೆರಿಕದ ಹಳೆ ಸಾಮಾನಿನ ಮಾರುಕಟ್ಟೆಯಲ್ಲಿ ಸಾಧಾರಣ ಬೆಲೆಗೆ ಕೈಬದಲಾಗುವ ಮಾಲು ಇಲ್ಲಿ ಚಿನ್ನದ ತೂಕಕ್ಕೆ ಹೋಗುತ್ತದೆ. ಮಾರುವವರು "ಇದು ಇಂಗ್ಲೆಂಡಿನದು ಸ್ವಾಮಿ, ಅದಕ್ಕೇ ರೇಟು" ಎಂದಾಗ ಆ ಮಾತನ್ನು ಗುಣಮಟ್ಟದ ಪ್ರಮಾಣಪತ್ರ ಎಂದು ತೆಗೆದುಕೊಳ್ಳಬೇಡಿ.

ಹಾಗೆಂದು ಹಳೆಯದರಲ್ಲಿ ಏನೂ ಇಲ್ಲ ಎಂದು ಹೇಳಿದರೆ ಅದೂ ಅನ್ಯಾಯ. ಶಾಂತಿಕಾಲದಲ್ಲಿ ತಯಾರಾದ, ಚೆನ್ನಾಗಿ ಇಟ್ಟುಕೊಂಡ ಬರ್ಮಿಂಗ್‌ಹ್ಯಾಮ್ ವೆಬ್ಲಿಯನ್ನು ಕೈಗೆತ್ತಿಕೊಂಡರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಲಾಚ್ ಒತ್ತಿದಾಗ ಬ್ಯಾರೆಲ್ ಒಂದೇ ಸಮನೆ, ಎಲ್ಲೂ ತಡೆಯದೆ ಕೆಳಗೆ ಬಾಗುತ್ತದೆ. ಸಿಲಿಂಡರಿನ ನಡುವಿನ ನಕ್ಷತ್ರಾಕಾರದ ಎಕ್ಸ್‌ಟ್ರಾಕ್ಟರ್ ಮೇಲೆದ್ದು, ಖಾಲಿ ಕೋಶಗಳನ್ನು ಆಚೆ ತಳ್ಳಿ, ತಾನಾಗಿ ಒಳಗೆ ಕೂರುತ್ತದೆ. ಹ್ಯಾಮರ್ ಹಿಂದಕ್ಕೆಳೆದು ಟ್ರಿಗರ್ ಮುಟ್ಟಿದರೆ ಗಾಜಿನ ಕಡ್ಡಿ ಮುರಿದಂತೆ ಬಿಡುತ್ತದೆ. ಫಿಟಿಂಗ್ ಮಾಡುವವನು ಒಂದೊಂದು ಭಾಗವನ್ನೂ ಅರದಿಂದ ಉಜ್ಜಿ ಒಂದಕ್ಕೊಂದು ಹೊಂದಿಸುತ್ತಿದ್ದ ಕಾಲದ ಕೆಲಸ ಅದು. ಈ ನಯ ಕಾನ್ಪುರದ ಮಾಲಿನಲ್ಲಿ ಸಿಗುವುದಿಲ್ಲ. ಕಾನ್ಪುರದ್ದರಲ್ಲಿ ಹ್ಯಾಮರ್ ಎಳೆಯದೆ ನೇರ ಟ್ರಿಗರ್ ಒತ್ತಿ ಹಾರಿಸಲು ಬೆರಳಿಗೆ ಬೇಕಾದ ಬಲ ಹೆಚ್ಚು, ಫ್ರೇಮಿನ ಒಳಮೈಯಲ್ಲಿ ಯಂತ್ರ ಕೊರೆದ ಗೆರೆಗಳು ಕಾಣುತ್ತವೆ, ಹಿಡಿ ಮತ್ತು ಫ್ರೇಮ್ ಕೂಡುವ ಜಾಗದಲ್ಲಿ ಸಂದು ಕಾಣುವುದೂ ಉಂಟು.

ಇಲ್ಲೂ ಒಂದು ಸೂಕ್ಷ್ಮವಿದೆ. ಇಂಗ್ಲೆಂಡಿನಲ್ಲಿ ತಯಾರಾದದ್ದೆಲ್ಲ ನಯವಾಗಿತ್ತು ಎಂದಲ್ಲ. ಎರಡನೇ ಮಹಾಯುದ್ಧದ ಕಾಲದ .38 ಮಾರ್ಕ್ 4 ರಿವಾಲ್ವರುಗಳ ಫ್ರೇಮಿನ ಮೇಲೆ ಕಂಪನಿಯೇ 'ವಾರ್ ಫಿನಿಶ್' ಎಂದು ಒತ್ತಿ ಕಳಿಸುತ್ತಿತ್ತು. ಅವಸರದ ಕೆಲಸ, ಪಾಲಿಶ್ ಕಡಿಮೆ, ಇದನ್ನು ನಮ್ಮ ಎಂದಿನ ಕೆಲಸ ಎಂದುಕೊಳ್ಳಬೇಡಿ ಎಂಬ ವಿನಂತಿ ಅದರಲ್ಲಿತ್ತು. ಅದೇ ಕಾರ್ಖಾನೆ, ಅದೇ ಮಾದರಿ, ಆದರೆ ವರ್ಷ ಬದಲಾದರೆ ವಸ್ತುವೂ ಬದಲಾಗುತ್ತದೆ. (.38 ನಮ್ಮಲ್ಲಿ ನಿಷೇಧಿತ ಬೋರ್, ಸಾಮಾನ್ಯ ಲೈಸೆನ್ಸಿನಲ್ಲಿ ಸಿಗದು. ನಾಗರಿಕರಿಗೆ .32ರ ಸುತ್ತಲೇ ಎಲ್ಲ ವ್ಯಾಪಾರ ನಡೆಯುವುದು ಇದರಿಂದಲೇ.) ಹೀಗಿರುವಾಗ ಊರಿನ ಹೆಸರು ನೋಡಿ ಬೆಲೆ ಕಟ್ಟುವುದಕ್ಕಿಂತ ಎದುರಿಗಿರುವ ತುಂಡನ್ನು ನೋಡಿ ಬೆಲೆ ಕಟ್ಟುವುದು ಸರಿ.

ಕಾನ್ಪುರ ಮತ್ತು ಸಂಡೀಲಾ

ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ ಶುರುವಾದದ್ದು 1942ರಲ್ಲಿ, ಯುದ್ಧದ ಅಗತ್ಯಕ್ಕೆ. ನಾಗರಿಕರಿಗಾಗಿ ಅದು ಮಾಡುವ .32 ರಿವಾಲ್ವರ್ ವೆಬ್ಲಿ ಮಾರ್ಕ್ 4 ವಂಶದ್ದು. ವಂಶ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಬ್ರಿಟಿಷ್ ಸರ್ಕಾರವೇ ವೆಬ್ಲಿ ವಿನ್ಯಾಸವನ್ನು ಇಟ್ಟುಕೊಂಡು ತನ್ನ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ರಿವಾಲ್ವರ್ ತಯಾರಿಸಿತ್ತು, ಅದರ ಬಗ್ಗೆ ವೆಬ್ಲಿ ಕಂಪನಿ ಹಕ್ಕು ಕೇಳಿ, ಕೊನೆಗೆ 1,250 ಪೌಂಡ್ ಪರಿಹಾರ ಪಡೆದುಕೊಂಡಿತ್ತು. ವಿನ್ಯಾಸ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವುದು ಈ ರಿವಾಲ್ವರಿನ ಚರಿತ್ರೆಯಲ್ಲಿ ಮೊದಲಿಂದಲೂ ನಡೆದಿದೆ. ಆದ್ದರಿಂದ ಕಾನ್ಪುರದ್ದನ್ನು 'ಕಾಪಿ' ಎಂದು ಮೂಗು ಮುರಿಯುವುದರಲ್ಲಿ ಅರ್ಥವಿಲ್ಲ. ಉದ್ದ ಸುಮಾರು 178 ಮಿಲಿಮೀಟರ್, ಬ್ಯಾರೆಲ್ 3 ಇಂಚು, ತೂಕ 700 ಗ್ರಾಮಿನ ಆಸುಪಾಸು. ಕೆಲಸಕ್ಕೆ ಬೇಕಾದಷ್ಟು ಗಟ್ಟಿ.

2014ರ ಜನವರಿಯಲ್ಲಿ ಕಾನ್ಪುರದ ಇನ್ನೊಂದು ಘಟಕವಾದ ಫೀಲ್ಡ್ ಗನ್ ಫ್ಯಾಕ್ಟರಿ 'ನಿರ್ಭೀಕ್' ಎಂಬ ರಿವಾಲ್ವರ್ ತಂದಿತು. ಮಹಿಳೆಯರ ಕೈಗೆ ಹೊಂದಲಿ ಎಂದು ಟೈಟೇನಿಯಂ ಮಿಶ್ರಲೋಹ ಬಳಸಿ ತೂಕವನ್ನು 500 ಗ್ರಾಮಿಗೆ ಇಳಿಸಿದ್ದರು. ಆಗಿನ ಬೆಲೆ 1,22,360 ರೂಪಾಯಿ. ಬೆಲೆಯ ಬಗ್ಗೆ, ಹೆಸರಿನ ಬಗ್ಗೆ ಆಗ ಎದ್ದ ಚರ್ಚೆ ನ್ಯಾಯವಾದದ್ದೇ. ವಸ್ತುವಾಗಿ ನೋಡಿದರೆ ಪರ್ಸಿನಲ್ಲಿ ಇಟ್ಟುಕೊಳ್ಳಲು ಅದು ಅನುಕೂಲ, ಆದರೆ ಹಗುರವಾದಷ್ಟೂ ಹಾರಿಸಿದಾಗ ಕೈಗೆ ಬೀಳುವ ಒದೆತ ಹೆಚ್ಚು. .32ರಲ್ಲಿ ಆ ಒದೆತ ಮೊದಲೇ ಸಣ್ಣದಾದ್ದರಿಂದ ದೊಡ್ಡ ತೊಂದರೆಯೇನಲ್ಲ.

2021ರ ಅಕ್ಟೋಬರ್ 1ರಂದು, ಸರ್ಕಾರದ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಒಡೆದು ಏಳು ಸರ್ಕಾರಿ ಕಂಪನಿಗಳನ್ನಾಗಿ ಮಾಡಿದರು. ಕಾನ್ಪುರದ ಬಂದೂಕು ಕಾರ್ಖಾನೆಗಳು ಈಗ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಎಂಬ ಕಂಪನಿಯ ಕೆಳಗಿವೆ. ಈ ಕಂಪನಿ 2023ರ ಆಗಸ್ಟಿನಲ್ಲಿ 'ಪ್ರಬಲ್' ಎಂಬ ಹೊಸ .32 ತಂದಿತು. ಇದು ವೆಬ್ಲಿಯ ಜಾಡು ಬಿಟ್ಟ ವಿನ್ಯಾಸ. ನಡುವೆ ಮಡಚುವ ಬದಲು ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ, ಅಮೆರಿಕದ ರಿವಾಲ್ವರುಗಳ ಹಾಗೆ. ಫ್ರೇಮ್ ಒಂದೇ ಅಖಂಡ ತುಂಡಾಗಿರುವುದರಿಂದ ಕೀಲು ಸಡಿಲವಾಗುವ ಹಳೆಯ ಕಾಯಿಲೆ ಇದಕ್ಕಿಲ್ಲ. 50 ಮೀಟರ್ ದೂರದ ಮಾತನ್ನು ಜಾಹೀರಾತಿನಲ್ಲಿ ಎತ್ತಿ ಹೇಳಿದರು. ಆತ್ಮರಕ್ಷಣೆಗೆ ಕೊಳ್ಳುವವರು ಅದಕ್ಕೆ ಮರುಳಾಗಬೇಕಿಲ್ಲ. ಮನೆಯ ಅಂಗಳದಷ್ಟು ದೂರದಲ್ಲಿ ಗುರಿ ನಿಲ್ಲಿಸಿ ಅಭ್ಯಾಸ ಮಾಡಿ ನೋಡಿ, 50 ಮೀಟರಿನ ಮಾತು ತಾನಾಗಿ ಮರೆತುಹೋಗುತ್ತದೆ. ಇದರಲ್ಲಿ ನಿಜವಾಗಿ ಗಮನಿಸಬೇಕಾದದ್ದು ಆ ಪಕ್ಕದ ಸಿಲಿಂಡರ್.

ಇನ್ನು ಸಂಡೀಲಾದ ವೆಬ್ಲಿ. 2016ರ ಶಸ್ತ್ರಾಸ್ತ್ರ ನಿಯಮಗಳ ನಂತರ ಖಾಸಗಿಯವರಿಗೆ ಬಂದೂಕು ತಯಾರಿಕೆಯ ದಾರಿ ಸಲೀಸಾಯಿತು. ಲಕ್ನೋದ ಸಿಯಾಲ್ ಸಂಸ್ಥೆ ವೆಬ್ಲಿ ಅಂಡ್ ಸ್ಕಾಟ್ ಜೊತೆ ಸೇರಿ ಸಂಡೀಲಾದಲ್ಲಿ ಕಾರ್ಖಾನೆ ಹಾಕಿತು. 2020ರ ಕೊನೆಯ ಹೊತ್ತಿಗೆ .32 ರಿವಾಲ್ವರ್ ಹೊರಬಂತು. ಆರಂಭದ ಬೆಲೆ ಒಂದೂವರೆ ಲಕ್ಷದ ಆಸುಪಾಸು. ಇಲ್ಲಿ ಒಂದು ಮಾತು ನೆನಪಿರಲಿ. 2020ರ ವೆಬ್ಲಿ ಎಂಬ ಹೆಸರಿಗೂ 1930ರ ವೆಬ್ಲಿ ಎಂಬ ಹೆಸರಿಗೂ ನಡುವೆ ಮಾಲೀಕರು ಬದಲಾಗಿದ್ದಾರೆ, ಕಾರ್ಖಾನೆ ಮುಚ್ಚಿದೆ, ಕೆಲಸಗಾರರ ತಲೆಮಾರುಗಳು ಹೋಗಿವೆ. ಹೆಸರಿನ ಮೇಲಿನ ಮೋಹದಿಂದ ಸಂಡೀಲಾದ್ದನ್ನು ಕೊಳ್ಳುವುದೂ ತಪ್ಪು, ಇದು 'ನಿಜವಾದ' ವೆಬ್ಲಿಯಲ್ಲ ಎಂದು ತಳ್ಳಿಹಾಕುವುದೂ ತಪ್ಪು. ಹೊಸ ಯಂತ್ರಗಳಲ್ಲಿ ಕೊರೆದ ಹೊಸ ರಿವಾಲ್ವರ್ ಅದು. ಕಾನ್ಪುರದ್ದಕ್ಕಿಂತ ಹೊರಮೈ ನಯ, ಬೆಲೆ ಹೆಚ್ಚು. ಆ ಹೆಚ್ಚಿನ ಹಣ ಕೊಡಬೇಕೋ ಬೇಡವೋ ಎಂಬುದನ್ನು ಎರಡನ್ನೂ ಅಕ್ಕಪಕ್ಕ ಇಟ್ಟು ಟ್ರಿಗರ್ ನೋಡಿಯೇ ತೀರ್ಮಾನಿಸಬೇಕು.

ಬೆಲೆಯ ಲೆಕ್ಕಕ್ಕೆ ತೆರಿಗೆಯನ್ನೂ ಸೇರಿಸಿ. ರಿವಾಲ್ವರ್ ಮತ್ತು ಪಿಸ್ತೂಲುಗಳ ಮೇಲಿನ ಜಿಎಸ್‌ಟಿ 28 ಶೇಕಡಾ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 40 ಶೇಕಡಾ ಆಗಿದೆ. ಹಳೆಯ ಪಟ್ಟಿ ನೋಡಿ ಹಣ ಹೊಂದಿಸಿಕೊಂಡು ಹೋದವರು ಅಂಗಡಿಯಲ್ಲಿ ಕೈಕೈ ಹಿಸುಕಿಕೊಳ್ಳಬೇಕಾಗುತ್ತದೆ. ಹೊಸದು ದುಬಾರಿಯಾದಾಗ ಹಳೆಯದನ್ನು ಇಟ್ಟುಕೊಂಡವರೂ ತಮ್ಮ ಬೆಲೆ ಏರಿಸುತ್ತಾರೆ, ಅದನ್ನೂ ನಿರೀಕ್ಷಿಸಿ.

ಹಳೆಯ ಆಮದು ರಿವಾಲ್ವರನ್ನು ನೋಡುವ ಬಗೆ

ಇಲ್ಲಿ ಸಮಯ ತೆಗೆದುಕೊಳ್ಳಿ. ಹಣ ಮುಳುಗುವುದು ಹೆಚ್ಚಾಗಿ ಇಲ್ಲೇ.

ಮೊದಲು ರಿವಾಲ್ವರ್ ತೆರೆದು ಆರೂ ಕೋಣೆಗಳು ಖಾಲಿ ಇವೆಯೆಂದು ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿಕೊಳ್ಳಿ. ನಳಿಗೆ ಯಾರ ಕಡೆಗೂ ತಿರುಗದಿರಲಿ. ಆಮೇಲೆ ಮುಚ್ಚಿ, ಒಂದು ಕೈಯಲ್ಲಿ ಹಿಡಿಕೆಯನ್ನೂ ಇನ್ನೊಂದು ಕೈಯಲ್ಲಿ ಬ್ಯಾರೆಲನ್ನೂ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ನೋಡಿ. ಮಡಚುವ ರಿವಾಲ್ವರಿನ ಜೀವ ಇರುವುದು ಎರಡೇ ಜಾಗದಲ್ಲಿ: ಕೆಳಗಿನ ಕೀಲು ಮತ್ತು ಮೇಲಿನ ಲಾಚ್. ಇವೆರಡೂ ಸವೆದರೆ ಬ್ಯಾರೆಲ್ ಅಲ್ಲಾಡುತ್ತದೆ. ಅಲ್ಲಾಡುವ ಬ್ಯಾರೆಲ್ಲಿಗೆ ಎಂಥ ಒಳ್ಳೆಯ ಊರಿನ ಮುದ್ರೆಯಿದ್ದರೂ ಲಕ್ಷ ಕೊಡಬಾರದು. ಹೊಸ ಕೀಲು ಕೂರಿಸುವ ಕೈಗಳು ಈಗ ನಮ್ಮಲ್ಲಿ ತೀರಾ ಕಡಿಮೆ.

ಬಳಿಕ ಹ್ಯಾಮರನ್ನು ನಿಧಾನವಾಗಿ ಎಳೆಯುತ್ತ ಸಿಲಿಂಡರ್ ಒಂದೊಂದು ಕೋಣೆಗೂ ಬಂದು ಲಾಕ್ ಆಗುತ್ತದೆಯೇ ಎಂದು ಆರು ಸಲವೂ ನೋಡಿ. ಹ್ಯಾಮರ್ ಪೂರ್ತಿ ಹಿಂದಕ್ಕೆ ಬಂದು ನಿಂತರೂ ಸಿಲಿಂಡರ್ ಇನ್ನೂ ಸ್ವಲ್ಪ ತಿರುಗಬೇಕಾಗಿದೆ ಎಂದರೆ ಕೋಣೆ ಮತ್ತು ನಳಿಗೆ ಒಂದೇ ಗೆರೆಯಲ್ಲಿಲ್ಲ. ಸೀಸದ ಗುಂಡು ನಳಿಗೆಯ ಅಂಚಿಗೆ ತಗುಲಿ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಪಕ್ಕದಲ್ಲಿ ನಿಂತವರ ಕಣ್ಣಿಗೆ ಅಪಾಯ. ಐದು ಕೋಣೆ ಸರಿಯಿದ್ದು ಒಂದು ಮಾತ್ರ ಸರಿಯಿಲ್ಲದ ರಿವಾಲ್ವರುಗಳೂ ಇರುತ್ತವೆ, ಆದ್ದರಿಂದ ಒಂದೆರಡು ಸಲ ಎಳೆದು ತೃಪ್ತರಾಗಬೇಡಿ.

ನಳಿಗೆಯ ಒಳಗೆ ಸಣ್ಣ ಟಾರ್ಚ್ ಹಾಕಿ ನೋಡಿ. ಹಿಂದಿನ ಕಾಲದ ತೋಟೆಗಳ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಹಾರಿಸಿದ ಮೇಲೆ ಉಪ್ಪಿನಂಶ ಬಿಡುತ್ತಿತ್ತು. ಅಂದೇ ತೊಳೆಯದಿದ್ದರೆ ತುಕ್ಕು ಹಿಡಿದು ಸಿಡುಬಿನ ಕಲೆಯಂಥ ಗುಳಿಗಳು ಬೀಳುತ್ತವೆ. ಹೊರಮೈಗೆ ಹೊಸ ಬ್ಲೂಯಿಂಗ್ (ಉಕ್ಕಿಗೆ ಕೊಡುವ ಕಡುನೀಲಿ ಪದರ) ಹಾಕಿ ಮಿರಮಿರ ಮಿಂಚಿಸುವುದು ಸುಲಭ, ಒಳಗಿನ ಗುಳಿ ತೆಗೆಯುವುದು ಸಾಧ್ಯವಿಲ್ಲ. ಹೊರಗೆ ತೀರಾ ಹೊಳೆಯುತ್ತಿದ್ದು ಅಕ್ಷರಗಳ ಅಂಚು ಮಸುಕಾಗಿದ್ದರೆ ಯಾರೋ ಪಾಲಿಶ್ ಚಕ್ರಕ್ಕೆ ಹಿಡಿದಿದ್ದಾರೆಂದೇ ತಿಳಿಯಿರಿ. ಸಹಜವಾಗಿ ಮಾಸಿದ, ಅಕ್ಷರಗಳು ಚೂಪಾಗಿರುವ ರಿವಾಲ್ವರಿನ ಮೇಲೆ ನನಗೆ ಹೆಚ್ಚು ನಂಬಿಕೆ.

ಮುದ್ರೆಗಳನ್ನು ಓದುವುದನ್ನೂ ಕಲಿಯಬೇಕು. ಬರ್ಮಿಂಗ್‌ಹ್ಯಾಮ್‌ನಲ್ಲಿ 1813ರಲ್ಲಿ ಸ್ಥಾಪನೆಯಾದ ಪ್ರೂಫ್ ಹೌಸ್ ಇದೆ. ಅಲ್ಲಿ ಹೆಚ್ಚಿನ ಒತ್ತಡದ ತೋಟೆ ಹಾರಿಸಿ ಪರೀಕ್ಷಿಸದೆ ಬಂದೂಕು ಮಾರುವಂತಿರಲಿಲ್ಲ. ಪಾಸಾದದ್ದಕ್ಕೆ ಕಿರೀಟ ಮತ್ತು ಅದರ ಕೆಳಗೆ ಅಕ್ಷರಗಳ ಮುದ್ರೆ. 1954ರ ನಂತರದವುಗಳಲ್ಲಿ ಕಿರೀಟದ ಕೆಳಗೆ 'ಬಿಎನ್‌ಪಿ' ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ನಳಿಗೆಯ ಮೇಲೂ ಸಿಲಿಂಡರಿನ ಮೇಲೂ ಮುದ್ರೆ ಇರಬೇಕು. ಬ್ಯಾರೆಲ್, ಸಿಲಿಂಡರ್, ಫ್ರೇಮಿನ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಎರಡು ರಿವಾಲ್ವರುಗಳನ್ನು ಸೇರಿಸಿ ಒಂದು ಮಾಡಿರುವ ಸಾಧ್ಯತೆಯಿದೆ. ಮುದ್ರೆಯೊಂದೇ ಸಾಕ್ಷಿಯೂ ಅಲ್ಲ. ಬಿಹಾರದ ಮುಂಗೇರಿನ ಕಳ್ಳ ಕಾರ್ಖಾನೆಗಳಲ್ಲಿ ಮಾಡಿದ ಪಿಸ್ತೂಲುಗಳ ಮೇಲೆ 'ಮೇಡ್ ಇನ್ ಯುಎಸ್ಎ' ಎಂದು ಕೊರೆದಿರುವುದು ಪೊಲೀಸರು ಹಿಡಿದಾಗಲೆಲ್ಲ ಸುದ್ದಿಯಾಗುತ್ತದೆ. ಮಾರುವವರ ಲೈಸೆನ್ಸಿನಲ್ಲಿ ಆ ರಿವಾಲ್ವರಿನ ಮಾದರಿ, ಬೋರ್, ನಂಬರ್ ಬರೆದಿರಬೇಕು, ಉಕ್ಕಿನ ಮೇಲಿನ ನಂಬರಿಗೆ ಅದು ಅಕ್ಷರಶಃ ಹೊಂದಬೇಕು. ಹೊಂದದಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಅಲ್ಲಿಂದ ಎದ್ದು ಬನ್ನಿ. ಜೈಲಿನ ದಾರಿ ಅದು.

ಹೊಸದನ್ನೂ ಕಣ್ಣುಮುಚ್ಚಿ ಕೊಳ್ಳುವ ಹಾಗಿಲ್ಲ. ಪೆಟ್ಟಿಗೆಯಿಂದ ಹೊರತೆಗೆದ ಕಾನ್ಪುರದ ರಿವಾಲ್ವರುಗಳಲ್ಲೂ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರುತ್ತದೆ. ಒಂದರ ಟ್ರಿಗರ್ ಪರವಾಗಿಲ್ಲ ಎನ್ನುವಂತಿದ್ದರೆ ಪಕ್ಕದ್ದರಲ್ಲಿ ಎರಡು ಬೆರಳು ಬೇಕು ಎನಿಸುತ್ತದೆ. ಅಂಗಡಿಯಲ್ಲಿ ಮೂರ್ನಾಲ್ಕು ಇದ್ದರೆ ಎಲ್ಲವನ್ನೂ ನೋಡುತ್ತೇನೆ ಎಂದು ಕೇಳಿ, ಸಂಕೋಚ ಬೇಡ. ಮೇಲೆ ಹೇಳಿದ ಆರು ಕೋಣೆಯ ಪರೀಕ್ಷೆಯನ್ನು ಇಲ್ಲೂ ಮಾಡಿ. ಲಾಚ್ ಬಿಗಿಯಾಗಿದ್ದರೆ ಅದು ದೋಷವಲ್ಲ, ಬಳಸುತ್ತ ಸಡಿಲವಾಗುತ್ತದೆ. ಲಾಚ್ ಮೊದಲ ದಿನವೇ ಸಡಿಲವಾಗಿದ್ದರೆ ಬೇರೆಯದನ್ನು ಕೇಳಿ.

ತೋಟೆ, ಬಿಡಿಭಾಗ, ಮಳೆ

ರಿವಾಲ್ವರಿಗೆ ಹಾಕುವ .32 ತೋಟೆಯ ಪೂರ್ತಿ ಹೆಸರು .32 ಎಸ್ ಅಂಡ್ ಡಬ್ಲ್ಯೂ ಲಾಂಗ್. ಸ್ಮಿತ್ ಅಂಡ್ ವೆಸನ್ ಕಂಪನಿ 1896ರಲ್ಲಿ ತಂದದ್ದು. ನಮ್ಮಲ್ಲಿ ಸಿಗುವುದು ಹೆಚ್ಚಾಗಿ 'ಕೆಎಫ್' ಮುದ್ರೆಯ, ಪುಣೆಯ ಖಡ್ಕಿ ಕಾರ್ಖಾನೆಯ ತೋಟೆ, 98 ಗ್ರೇನ್ ತೂಕದ ಸೀಸದ ಗುಂಡು. ಇಂಗ್ಲೆಂಡಿನ ರಿವಾಲ್ವರಿಗೂ ಅದೇ, ಕಾನ್ಪುರದ್ದಕ್ಕೂ ಅದೇ. ಗುಂಡಿನ ವೇಗ, ಪೆಟ್ಟು, ದೂರ ಯಾವುದರಲ್ಲೂ ಆಮದು ಮಾಲಿಗೆ ಹೆಚ್ಚುಗಾರಿಕೆ ಇಲ್ಲ. ಆಮದು ರಿವಾಲ್ವರಿನ ಹೊಡೆತ ಜಾಸ್ತಿ ಎನ್ನುವ ಮಾತು ಮಲೆನಾಡಿನಲ್ಲಿ ನಾನು ಬಹಳ ಕಡೆ ಕೇಳಿದ್ದೇನೆ. ಅದಕ್ಕೆ ಆಧಾರವಿಲ್ಲ.

ಇದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಲೈಸೆನ್ಸಿನಲ್ಲಿ '.32' ಎಂದಷ್ಟೇ ಬರೆದಿರುತ್ತಾರೆ, ಆದರೆ ರಿವಾಲ್ವರಿನ .32 ಬೇರೆ, ಪಿಸ್ತೂಲಿನ .32 ಎಸಿಪಿ ಬೇರೆ. ಪಿಸ್ತೂಲಿನ ತೋಟೆ ರಿವಾಲ್ವರಿನ ಕೋಣೆಯೊಳಗೆ ಇಳಿದುಬಿಡುತ್ತದೆ, ಅದರ ಹಿಂಬದಿಯ ಸಣ್ಣ ಅಂಚು ಅದನ್ನು ತಡೆದು ನಿಲ್ಲಿಸಲೂಬಹುದು. ಆದರೆ ಅದರ ಒತ್ತಡದ ಮಿತಿ ಚದರ ಇಂಚಿಗೆ 20,500 ಪೌಂಡ್, ರಿವಾಲ್ವರ್ ತೋಟೆಯದು 15,000. ಎಪ್ಪತ್ತು ವರ್ಷದ ಹಳೆಯ ಕೀಲಿನ ಮೇಲೆ ಆ ಹೊರೆ ಹಾಕಬಾರದು. ಹಳೆಯ ಆಮದು ರಿವಾಲ್ವರುಗಳಲ್ಲಿ ಕೆಲವು ಗಿಡ್ಡ ತೋಟೆಗಾಗಿ, ಅಂದರೆ .32 ಎಸ್ ಅಂಡ್ ಡಬ್ಲ್ಯೂಗಾಗಿ ಕೊರೆದಂಥವು. ಅವಕ್ಕೆ ಈಗ ಅಂಗಡಿಯಲ್ಲಿ ಸಿಗುವ ಲಾಂಗ್ ತೋಟೆ ಹಿಡಿಸುವುದೇ ಇಲ್ಲ. ಲಕ್ಷಗಟ್ಟಲೆ ಕೊಟ್ಟು ತಂದ ಮೇಲೆ ಇದು ಗೊತ್ತಾಗುವುದು ಬೇಡ.

ಬಿಡಿಭಾಗದ ವಿಷಯದಲ್ಲಿ ಹಳೆಯದರ ಪರ ವಾದಿಸಲು ಏನೂ ಇಲ್ಲ. ವೆಬ್ಲಿಯ ಮುಖ್ಯ ಸ್ಪ್ರಿಂಗ್ ಇಂಗ್ಲಿಷ್ ವಿ ಅಕ್ಷರದ ಆಕಾರದ ಪಟ್ಟಿ. ವರ್ಷಗಳ ನಂತರ ಒಂದು ದಿನ ಮುರಿಯುತ್ತದೆ. ಆಗ ಬರ್ಮಿಂಗ್‌ಹ್ಯಾಮ್‌ಗೆ ಪತ್ರ ಬರೆದರೆ ಉತ್ತರಿಸುವವರಿಲ್ಲ. ಇಲ್ಲಿನ ಹಳೆಯ ಕುಶಲ ಕೋವಿ ರಿಪೇರಿಯವರು ಉಕ್ಕಿನ ಪಟ್ಟಿ ಕಾಯಿಸಿ, ಬಾಗಿಸಿ, ಹದ ಕೊಟ್ಟು ಹೊಸದು ಮಾಡಬಲ್ಲರು, ಆದರೆ ಅಂಥವರ ಮಕ್ಕಳು ಬೇರೆ ಕೆಲಸಗಳಿಗೆ ಹೋಗಿದ್ದಾರೆ. ರಿಪೇರಿಗೂ ಲೈಸೆನ್ಸ್ ಇರುವವರ ಹತ್ತಿರವೇ ಕೊಡಬೇಕು. ಹೊಸದಾದರೆ ತಯಾರಕರು ಬದುಕಿದ್ದಾರೆ, ಭಾಗ ಸಿಗುತ್ತದೆ, ದೋಷವಿದ್ದರೆ ವಾಪಸ್ ಕಳಿಸುವ ದಾರಿಯಿದೆ. ನಿಧಾನ ಇರಬಹುದು, ಕಾಗದ ಪತ್ರ ಓಡಾಡಿಸಬೇಕಾಗಬಹುದು, ಆದರೂ ದಾರಿಯಂತೂ ಇದೆ.

ಮಲೆನಾಡಿನವರಿಗೆ ಮಳೆಗಾಲದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಉರೆಯಲ್ಲಿ ರಿವಾಲ್ವರ್ ಇಡಬೇಡಿ, ಅದು ಹಳೆಯದಿರಲಿ ಹೊಸದಿರಲಿ. ಚರ್ಮ ನೀರು ಹಿಡಿದುಕೊಳ್ಳುತ್ತದೆ, ಬ್ಲೂಯಿಂಗ್ ಎಂಬ ತೆಳು ಪದರ ಅದರ ಮುಂದೆ ನಿಲ್ಲುವುದಿಲ್ಲ. ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಬೀಗದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಾಗಿ ಬರಬಹುದು, ಆಗ ವಾರಗಟ್ಟಲೆ ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಕೊಡುವ ಹಿಂದಿನ ದಿನ ದಪ್ಪಗೆ ಗ್ರೀಸ್ ಹಚ್ಚಿ ಕೊಡಿ, ತಂದ ದಿನವೇ ಒರೆಸಿ ನೋಡಿ. ಹಳೆಯ ವೆಬ್ಲಿಯ ಮೂಲ ಬ್ಲೂಯಿಂಗ್ ಒಮ್ಮೆ ಹೋದರೆ ಅದರ ಮಾರುಕಟ್ಟೆ ಬೆಲೆಯೂ ಹೋದಂತೆ. ಕಾನ್ಪುರದ್ದಕ್ಕೆ ಆ ಚಿಂತೆ ಅಷ್ಟಿಲ್ಲ, ಮತ್ತೆ ಬಣ್ಣ ಕೊಡಿಸಿದರೆ ಯಾರೂ ಬೇಸರಪಡುವುದಿಲ್ಲ.

ಹೊರದೇಶದಿಂದ ಮರಳುವವರು

ಅಮೆರಿಕದಲ್ಲೋ ಬೇರೆಡೆಯೋ ಇರುವ ಕನ್ನಡಿಗರು ಊರಿಗೆ ಮರಳುವಾಗ ಒಂದು ಬಂದೂಕು ತರಬಹುದಂತೆ ಎಂದು ಕೇಳುತ್ತಾರೆ. ಕನಿಷ್ಠ ಎರಡು ವರ್ಷ ಹೊರಗಿದ್ದು ವಾಸ ಬದಲಿಸಿ ಬರುವವರಿಗೆ ಅಂಥ ಅವಕಾಶವಿದೆ, ಆದರೆ ಷರತ್ತುಗಳು ಬಿಗಿ. ಭಾರತದ ಲೈಸೆನ್ಸ್ ಮೊದಲು ಕೈಯಲ್ಲಿರಬೇಕು, ಬೋರ್ ಇಲ್ಲಿ ಅನುಮತಿ ಇರುವಂಥದ್ದಾಗಿರಬೇಕು, ಕಸ್ಟಮ್ಸ್ ಸುಂಕ ಕಟ್ಟಬೇಕು, ತಂದದ್ದನ್ನು ಮನಬಂದಂತೆ ಮಾರುವಂತಿಲ್ಲ. ಅಮೆರಿಕದಲ್ಲಿ ಎಲ್ಲರ ಹತ್ತಿರ ಇರುವ 9 ಎಂಎಂ ನಮ್ಮಲ್ಲಿ ನಿಷೇಧಿತ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಹೊಂದುವುದಕ್ಕೆ ಅಮೆರಿಕದ ಕಾನೂನೇ ಕೆಲವು ವಿನಾಯಿತಿ ಬಿಟ್ಟರೆ ಅಡ್ಡಿ ಮಾಡುತ್ತದೆ. ಆದ್ದರಿಂದ ಈ ದಾರಿ ಇರುವುದು ಕೆಲವರಿಗೆ ಮಾತ್ರ. ಅಂಥವರಿಗೆ ನನ್ನ ಸಲಹೆ, ಮಡಚುವ ಹಳೆ ವೆಬ್ಲಿಯ ಹಿಂದೆ ಬೀಳದೆ ಪಕ್ಕಕ್ಕೆ ಸಿಲಿಂಡರ್ ತೆರೆಯುವ ಒಳ್ಳೆಯ .32 ಲಾಂಗ್ ರಿವಾಲ್ವರ್ ನೋಡಿ. ಆಮದು ಮಾಲು ನಿಜವಾಗಿ ಮೇಲು ಎನ್ನಬಹುದಾದ ಸಂದರ್ಭ ಇದೊಂದೇ, ಯಾಕೆಂದರೆ ಇಲ್ಲಿ ಹೊಸದನ್ನು ಹೊಸದರ ಜೊತೆ ಹೋಲಿಸುತ್ತಿದ್ದೇವೆ.

ಯಾರಿಗೆ ಯಾವುದು

ಮೊದಲ ಸಲ ಕೊಳ್ಳುವವರಿಗೆ, ಒಂಟಿ ಮನೆಯಲ್ಲಿದ್ದು ರಕ್ಷಣೆಗೆ ಬೇಕೆನ್ನುವವರಿಗೆ ಹೊಸ ದೇಶೀಯ ರಿವಾಲ್ವರನ್ನೇ ಹೇಳುತ್ತೇನೆ. ಕಾನ್ಪುರದ ಹಳೆ ಮಾದರಿಗೂ ಪ್ರಬಲ್‌ಗೂ ನಡುವೆ ಆಯ್ಕೆ ಇದ್ದರೆ ಪ್ರಬಲ್. ಸಂಡೀಲಾದ್ದು ಕೈಗೆ ಚೆನ್ನಾಗಿ ಕೂತು, ಬೆಲೆಯ ವ್ಯತ್ಯಾಸ ಭಾರವೆನಿಸದಿದ್ದರೆ ಅದೂ ಒಳ್ಳೆಯದೇ. ಹಳೆಯ ವೆಬ್ಲಿಗೆ ಕೊಡುವ ಹಣದಲ್ಲಿ ಹೊಸದು ಕೊಂಡು, ಉಳಿದದ್ದನ್ನು ತೋಟೆಗೂ ರೈಫಲ್ ಕ್ಲಬ್ಬಿನ ಅಭ್ಯಾಸಕ್ಕೂ ಹಾಕಿದರೆ ನಿಮ್ಮ ಮನೆಯವರು ಹೆಚ್ಚು ಸುರಕ್ಷಿತ. ಬಹಳ ಜನ ರಿವಾಲ್ವರಿಗೆ ಲಕ್ಷಗಟ್ಟಲೆ ಸುರಿದು ವರ್ಷಕ್ಕೆ ಹತ್ತು ಗುಂಡೂ ಹಾರಿಸುವುದಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ವಿಷಯ.

ಅಜ್ಜನಿಂದಲೋ ಅಪ್ಪನಿಂದಲೋ ವೆಬ್ಲಿ ಬರುವವರ ಲೆಕ್ಕ ಬೇರೆ. ಅದಕ್ಕೆ ಹಣ ಕೊಡಬೇಕಿಲ್ಲ, ವಾರಸುದಾರರಿಗೆ ಲೈಸೆನ್ಸ್ ಕೊಡುವ ಅವಕಾಶ 2016ರ ನಿಯಮಗಳಲ್ಲಿದೆ. ಮಾರಿಬಿಡಿ ಎಂದು ದಲ್ಲಾಳಿಗಳು ಬರುತ್ತಾರೆ. ಅವಸರ ಬೇಡ. ಒಳ್ಳೆಯ ಸ್ಥಿತಿಯಲ್ಲಿದ್ದರೆ ಇಟ್ಟುಕೊಳ್ಳಿ, ವರ್ಷಕ್ಕೆ ಕೆಲವೇ ಗುಂಡು ಹಾರಿಸಿ, ಹೆಚ್ಚು ದುಡಿಸಬೇಡಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಇರಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ತೋಟದ ಕಾವಲಿಗೆ ಒಂದು ತೋಟೆ ಕೋವಿ ಇದ್ದೇ ಇರುವ ಮನೆಗಳಲ್ಲಿ ಉಳಿಯುವುದು ಒಂದೇ ಜಾಗ. ಆ ಜಾಗಕ್ಕೆ ಕಪಾಟಿನಲ್ಲಿ ನೋಡುವ ವಸ್ತು ಬೇಕೋ, ಬಳಸುವ ವಸ್ತು ಬೇಕೋ ಎಂಬುದನ್ನು ಮನೆಯವರೆಲ್ಲ ಕೂತು ಮಾತಾಡಿ.

ಕೊನೆಗೆ ಕಾಗದದ ಕೆಲಸ. ಒಬ್ಬ ಲೈಸೆನ್ಸ್‌ದಾರರಿಂದ ಇನ್ನೊಬ್ಬರು ನೇರ ಕೊಳ್ಳುವಾಗ, ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತ ಮಾಹಿತಿ ಕೊಟ್ಟು 45 ದಿನ ಕಾಯಬೇಕು. ಇದು ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಲ್ಲೇ ಇದೆ. ಮುಂಗಡ ಕೊಟ್ಟು ರಿವಾಲ್ವರ್ ಇವತ್ತೇ ತೆಗೆದುಕೊಂಡು ಹೋಗಿ ಎನ್ನುವವರ ಮಾತು ಕೇಳಬೇಡಿ. ಅಂಗಡಿಯಿಂದ ಹೊಸದು ಕೊಂಡರೆ ರಸೀತಿಯಲ್ಲಿ ನಂಬರ್ ಸರಿಯಾಗಿ ಬರೆದಿದೆಯೇ ನೋಡಿ, ಜಿಲ್ಲೆಯಲ್ಲಾದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಬೆಂಗಳೂರಿನಲ್ಲಾದರೆ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಹಾಜರುಪಡಿಸಿ ಲೈಸೆನ್ಸ್ ಪುಸ್ತಕದಲ್ಲಿ ನಮೂದು ಮಾಡಿಸಿ. ನಂಬರಿನ ಒಂದಂಕಿ ತಪ್ಪು ಬಿದ್ದರೂ ಐದು ವರ್ಷದ ನಂತರ ನವೀಕರಣಕ್ಕೆ ಹೋದಾಗ ಅದು ದೊಡ್ಡ ಗಂಟಾಗುತ್ತದೆ. ನಮೂದು ಮಾಡಿದ ಗುಮಾಸ್ತರ ಮುಂದೆಯೇ ಪುಸ್ತಕ ಬಿಡಿಸಿ, ಉಕ್ಕಿನ ಮೇಲಿನ ಅಂಕಿ ಓದಿ, ತಾಳೆ ನೋಡಿಕೊಂಡೇ ಹೊರಡಿ.